ಮನಸ್ಸು ತಿರುಗಿದ ದಾರಿ

1623ರ ನವೆಂಬರ್ ತಿಂಗಳು. ಸಾಗರದ ಪಕ್ಕದ ಇಕ್ಕೇರಿ ಆಗ ವೆಂಕಟಪ್ಪನಾಯಕನ ರಾಜಧಾನಿ. ಗೋವೆಯ ಪೋರ್ಚುಗೀಸರಿಗೆ ಈ ಅರಸನೊಡನೆ ಕರಿಮೆಣಸಿನ ವ್ಯಾಪಾರ ಬೇಕಾಗಿತ್ತು. ಕರಾವಳಿಯ ಬಂಗ ಅರಸನ ಕುರಿತ ತಂಟೆಯೊಂದು ಬಗೆಹರಿಯಬೇಕಾಗಿತ್ತು. ಅದಕ್ಕಾಗಿ ಅವರು ಕಳಿಸಿದ ರಾಯಭಾರಿಯ ಜೊತೆ ರೋಮ್ ನಗರದ ಒಬ್ಬ ಪ್ರವಾಸಿಯೂ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ವ್ಯಾಪಾರದಲ್ಲಿ ಅವನಿಗೆ ಆಸಕ್ತಿಯಿಲ್ಲ, ಮತಪ್ರಚಾರ ಅವನ ಕಸುಬೂ ಅಲ್ಲ. ಕಂಡದ್ದನ್ನು ಕಂಡಹಾಗೆ ನೇಪಲ್ಸ್‌ನಲ್ಲಿದ್ದ ವೈದ್ಯ ಗೆಳೆಯನಿಗೆ ಕಾಗದ ಬರೆಯುವುದು ಅವನ ಹವ್ಯಾಸ. ಆ ಕಾಗದಗಳಿಂದಾಗಿಯೇ ಇಕ್ಕೇರಿಯ ಬೀದಿ, ದೇವಸ್ಥಾನ, ಉತ್ಸವ, ಅರಮನೆಯ ಓಲಗಗಳ ಚಿತ್ರ ಇಂದಿಗೂ ಉಳಿದಿದೆ.

ಆ ದಿನಗಳಲ್ಲಿ ಇಕ್ಕೇರಿಯ ಒಬ್ಬ ನಗಾರಿ ಬಾರಿಸುವವನು ತೀರಿಕೊಂಡಿದ್ದ. ಅವನ ಹೆಂಡತಿ ಸಹಗಮನಕ್ಕೆ ನಿಶ್ಚಯಿಸಿದ್ದಾಳೆಂಬ ಸುದ್ದಿ ದೆಲ್ಲಾ ವಾಲೆಯ ಕಿವಿಗೆ ಬಿತ್ತು. ಅವನು ಆಕೆಯ ಮನೆಗೇ ಹೋದ. ತೆಲುಗು ಮೂಲದ ಆಕೆಯ ಹೆಸರನ್ನು ಅವನು ‘ಜಾಕ್ಕಮಾ’ ಎಂದು ಬರೆದುಕೊಂಡಿದ್ದಾನೆ. ನಮ್ಮ ಕಿವಿಗೆ ಅದು ಜಕ್ಕಮ್ಮ ಇರಬೇಕು ಅನ್ನಿಸುತ್ತದೆ. ದುಭಾಷಿಯ ಮೂಲಕ ಅವಳೊಡನೆ ಬಹಳ ಹೊತ್ತು ಮಾತಾಡಿದ. ಚಿಕ್ಕ ಮಕ್ಕಳಿದ್ದಾರೆ, ಅವರನ್ನು ಬಿಟ್ಟು ಹೋಗುವುದು ಸರಿಯೇ ಎಂದು ಕೇಳಿದ. ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ ಎಂದು ವಿಚಾರಿಸಿದ. ಯಾರ ಬಲವಂತವೂ ಇಲ್ಲ, ಇದು ತನ್ನ ಇಷ್ಟ ಎಂದಳು ಆಕೆ. ಮುಖದಲ್ಲಿ ದುಃಖದ ಛಾಯೆಯಿರಲಿಲ್ಲ, ನಗುನಗುತ್ತಲೇ ಮಾತಾಡಿದಳು. ಅವಳ ಮನಸ್ಸು ತಿರುಗಲಿಲ್ಲ. ನಿನ್ನ ಹೆಸರನ್ನು ಲೋಕಕ್ಕೆ ತಿಳಿಸುತ್ತೇನೆ ಎಂದು ಮಾತುಕೊಟ್ಟು ಅವನು ಹಿಂದಿರುಗಿದ. ಕೊಟ್ಟ ಮಾತನ್ನು ನಡೆಸಿಕೊಟ್ಟದ್ದರಿಂದಲೇ ನಾಲ್ಕು ಶತಮಾನಗಳ ಮೇಲೂ ಆ ಹೆಸರು ಓದಲು ಸಿಗುತ್ತದೆ.

ಈ ಭೇಟಿಗೆ ಇನ್ನೊಂದು ಮಗ್ಗುಲೂ ಇದೆ. ದೆಲ್ಲಾ ವಾಲೆಯ ಹೆಂಡತಿ ಮಾನಿ ಮೆಸೊಪೊಟೇಮಿಯಾ ಕಡೆಯ ಕ್ರೈಸ್ತಳು. 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ಜ್ವರದಿಂದ ಸತ್ತಿದ್ದಳು. ಅವಳನ್ನು ಅಲ್ಲಿ ಹೂಳಲು ಅವನಿಗೆ ಮನಸ್ಸು ಬರಲಿಲ್ಲ. ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಸಾಮಾನಿನ ಜೊತೆಗೆ ಗುಟ್ಟಾಗಿ ಭಾರತಕ್ಕೂ ತಂದ. ಕೊನೆಗೆ ರೋಮಿನ ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ. ಸತ್ತ ಹೆಂಡತಿಯನ್ನು ಬಿಟ್ಟುಕೊಡಲಾಗದೆ ದೇಶದೇಶ ಹೊತ್ತು ತಿರುಗುತ್ತಿದ್ದವನು, ಸತ್ತ ಗಂಡನನ್ನು ಬಿಟ್ಟುಕೊಡಲೊಪ್ಪದ ಹೆಂಗಸಿಗೆ ಬುದ್ಧಿ ಹೇಳಲು ಹೋಗಿದ್ದ! ಇಬ್ಬರ ನಡುವೆ ಒಬ್ಬ ದುಭಾಷಿ. ಅವನ ಮಾತಿನಲ್ಲಿ ಕರುಣೆ ಇತ್ತು. ಆದರೆ ಆ ಕರುಣೆ ಎದ್ದು ಬಂದ ಲೋಕ ಬೇರೆ, ಆಕೆ ಯೋಚಿಸುತ್ತಿದ್ದ ಲೋಕವೇ ಬೇರೆ.

ಇನ್ನೊಬ್ಬರ ಮನಸ್ಸನ್ನು ತಿರುಗಿಸಲು ಕ್ರೈಸ್ತ ಧರ್ಮದವನೊಬ್ಬ ನಗರ ಸೀಮೆಯಲ್ಲಿ ಮಾಡಿದ, ದಾಖಲೆ ಉಳಿದಿರುವ ಹಳೆಯ ಪ್ರಯತ್ನಗಳಲ್ಲಿ ಇದೊಂದು. ಆ ಧರ್ಮದ ಬೋಧನೆಯ ಕೇಂದ್ರದಲ್ಲಿ ಮನಸ್ಸು ತಿರುಗುವ ಮಾತೇ ಇದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ನಮ್ಮಲ್ಲಿ ‘ಮತಾಂತರ’ ಎಂದೊಡನೆ ಹೆಸರು ಬದಲಾಗುವುದು, ಜುಟ್ಟು ಹೋಗುವುದು, ಜಾತಿ ಕೆಡುವುದು ಮೊದಲು ನೆನಪಿಗೆ ಬರುತ್ತವೆ. ಆದರೆ ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿರುವ ಪದ ‘ಮೆತನೋಯಿಯ’. ‘ನೂಸ್’ ಎಂದರೆ ಮನಸ್ಸು, ಬುದ್ಧಿ. ಅದು ಬದಲಾಗುವುದೇ ಮೆತನೋಯಿಯ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ ಪೌಲನು ಹೇಳುವುದೂ ಇದನ್ನೇ: ಲೋಕದ ಅಚ್ಚಿನಲ್ಲಿ ಎರಕಗೊಳ್ಳದೆ, ಮನಸ್ಸು ಹೊಸದಾಗಿ ಬೇರೆ ರೂಪ ತಳೆಯಬೇಕು. 1517ರಲ್ಲಿ ಜರ್ಮನಿಯ ಲೂಥರ್ ಎಬ್ಬಿಸಿದ ವಿವಾದದ ಮೊದಲ ಸೂತ್ರವೂ ಈ ಪದದ ಸುತ್ತಲಿನದೇ. ಪ್ರಾಯಶ್ಚಿತ್ತವೆಂದರೆ ಒಂದು ದಿನದ ಕರ್ಮವಲ್ಲ, ಬಾಳಿನುದ್ದಕ್ಕೂ ಮನಸ್ಸು ತಿರುಗುತ್ತಲೇ ಇರಬೇಕೆಂಬುದು ಅವನ ವಾದ.

ಇದನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು ಎದುರಿಸಿದ ಪ್ರಶ್ನೆ ಇದು. ಇಪ್ಪತ್ತು ವರ್ಷಗಳ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಕನ್ನಡ ಕ್ರೈಸ್ತರ ಬಳಕೆಯಲ್ಲಿ ನೆಲೆಯೂರಿದ ಪದಗಳನ್ನು ನೋಡಿದರೆ ಪರದಾಟದ ಗುರುತು ಕಾಣುತ್ತದೆ. ‘ಪಶ್ಚಾತ್ತಾಪ’ ಎಂದರೆ ಆಮೇಲೆ ಆಗುವ ಉರಿ. ಅದರಲ್ಲಿ ಮರುಕವಿದೆ, ತಿರುವಿಲ್ಲ. ‘ಮಾನಸಾಂತರ’ ಗ್ರೀಕಿಗೆ ಹತ್ತಿರ, ಆದರೆ ಗದ್ದೆಯ ಅಂಚಿನಲ್ಲಿ ನಿಂತವನಿಗೆ ದೂರ. ಕೊನೆಗೆ ಊರಿದ್ದು ‘ತಿರುಗಿಕೊಳ್ಳು’ ಎಂಬ ಅಚ್ಚಗನ್ನಡದ ಕ್ರಿಯಾಪದ. ದಾರಿ ತಪ್ಪಿದವನು ತಿರುಗಿಕೊಳ್ಳುವಂತೆ ದೇವರ ಕಡೆಗೆ ತಿರುಗಿಕೊಳ್ಳುವುದು! ‘ಪಾಪ’ದ ಪಾಡು ಇನ್ನೂ ವಿಚಿತ್ರ. ಬೋಧಕ ‘ನೀವು ಪಾಪಿಗಳು’ ಎಂದರೆ ಕೇಳುವವನ ಬಾಯಲ್ಲಿ ಅದೇ ಮಾತು ‘ಅಯ್ಯೋ ಪಾಪ’ ಎಂಬ ಕನಿಕರದ ಉದ್ಗಾರವೂ ಹೌದು. ಒಂದೇ ಪದದಲ್ಲಿ ದೋಷಾರೋಪಣೆಯೂ ದಯೆಯೂ ಇರುವ ಭಾಷೆಯಲ್ಲಿ ಉಪದೇಶ ಮಾಡುವುದು ಸುಲಭದ ಕೆಲಸವಲ್ಲ.

ಕೆಲವು ಕಡೆ ಭಾಷೆಯೇ ಬೋಧಕರ ಕೈಹಿಡಿಯಿತು. ಸಭೆಗೆ ಸೇರುವ ಸಂಸ್ಕಾರಕ್ಕೆ ಪ್ರಾಟೆಸ್ಟೆಂಟರು ‘ದೀಕ್ಷಾಸ್ನಾನ’ ಎಂದರು. ‘ದೀಕ್ಷೆ’ ವೀರಶೈವ ಮಠಗಳಲ್ಲಿ ಮೊದಲೇ ಪಳಗಿದ ಮಾತು. ಕೆಳದಿ, ಇಕ್ಕೇರಿ, ಬಿದನೂರುಗಳ ಸುತ್ತ ಆ ಮಾತು ಗೊತ್ತಿಲ್ಲದವರಿರಲಿಲ್ಲ. ‘ನಂಬಿಕೆ’ಯ ಹಿಂದೆ ಶರಣರೂ ದಾಸರೂ ಇದ್ದರು. ತನ್ನ ಮನಸ್ಸನ್ನು ತಾನೇ ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸುವ ಪದ್ಧತಿ ಕನ್ನಡಕ್ಕೆ ಹನ್ನೆರಡನೆಯ ಶತಮಾನದಿಂದಲೇ ರೂಢಿಯಾಗಿತ್ತು. ಹೊರಗಿನಿಂದ ಬಂದವರಿಗೆ ಇದು ತಿಳಿಯಲು ಹೊತ್ತು ಹಿಡಿಯಿತು. ತಿಳಿದಾಗ ಆದದ್ದೇ ಈ ಕತೆಯ ಮುಖ್ಯ ಭಾಗ.

ಹೊಸ ಚಾರ್ಟರ್ ಕಾಯ್ದೆ 1833ರಲ್ಲಿ ಬಂದು, ಕಂಪನಿಯ ಆಡಳಿತದ ಪ್ರದೇಶಗಳಿಗೆ ಬ್ರಿಟಿಷರಲ್ಲದ ಮಿಶನರಿಗಳೂ ಬರಲು ದಾರಿ ತೆರೆಯಿತು. ಮರುವರ್ಷವೇ ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಅವರನ್ನು ಕೂಡಿಕೊಂಡವನು ಹರ್ಮನ್ ಮೋಗ್ಲಿಂಗ್. ಹುಟ್ಟಿದ್ದು 1811ರಲ್ಲಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನಲ್ಲಿ, ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಆ ಸೀಮೆಯ ಕ್ರೈಸ್ತರಲ್ಲಿ ‘ಪಯಟಿಸ್ಟ್’ ಎಂಬ ಭಕ್ತಿಪಂಥ ಬಲವಾಗಿತ್ತು. ಚರ್ಚಿಗೆ ಹೋಗುವುದಷ್ಟೇ ಸಾಲದು, ಮನಸ್ಸು ಒಳಗಿನಿಂದ ಎಚ್ಚರಗೊಳ್ಳಬೇಕು. ಯಾವ ಯೋಚನೆ ಎಲ್ಲಿಂದ ಬಂತೆಂದು ದಿನಚರಿ ಬರೆದು ತನ್ನನ್ನೇ ತಪಾಸಣೆ ಮಾಡಿಕೊಳ್ಳಬೇಕು ಎನ್ನುವವರು ಅವರು. ಮಡಿ ಅವರದ್ದೂ ಬಹಳ, ಆದರೆ ಅದು ಯೋಚನೆಯ ಮಡಿ.

ಮಂಗಳೂರಿನಲ್ಲಿ ಈ ಬೋಧನೆಯ ಬೆಲೆ ಏನೆಂಬುದು 1844ರ ಜನವರಿ 6ರಂದು ಊರಿಗೆಲ್ಲ ತಿಳಿಯಿತು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇನ್ನಿಬ್ಬರು ಸಂಗಡಿಗರೊಡನೆ ದೀಕ್ಷಾಸ್ನಾನ ಪಡೆದ. ವಯಸ್ಸು ಇನ್ನೂ ಇಪ್ಪತ್ತಾಗಿರಲಿಲ್ಲ. ಊರಿನಲ್ಲಿ ಗದ್ದಲವೆದ್ದಿತು, ಮನೆಯ ಬಾಗಿಲು ಮುಚ್ಚಿತು. ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿ ಅವನೊಡನೆ ಬಾಳಲು ಬರಲಿಲ್ಲ. ಮತ ಬಿಟ್ಟವನಿಗೂ ಪಿತ್ರಾರ್ಜಿತದ ಹಕ್ಕು ಉಳಿಯುತ್ತದೆ ಎಂಬ ಕಾಯಿದೆ ಬಂದದ್ದು ಆಮೇಲೆ, 1850ರಲ್ಲಿ. ‘ಮನಸ್ಸು ಹೊಸದಾಗುವುದು’ ಎಂಬ ಪೌಲನ ಮಾತು ಪುಸ್ತಕದಲ್ಲಿ ಅರ್ಧ ಸಾಲು. ಬಂದರು ಪಟ್ಟಣದ ಆ ಹುಡುಗನ ಪಾಲಿಗೆ ಅದು ತಾಯಿಯ ಅಡುಗೆಮನೆ, ಹೆಂಡತಿ, ನೆಂಟರು, ಸತ್ತರೆ ಹೊರುವವರು, ಇಷ್ಟನ್ನೂ ಒಂದೇ ದಿನ ಬಿಡುವ ಮಾತು.

ಕೌಂಡಿನ್ಯ 1846ರಲ್ಲಿ ಮೋಗ್ಲಿಂಗನೊಡನೆ ಯುರೋಪಿಗೆ ಹೋಗಿ ಬಾಸೆಲಿನಲ್ಲಿ ಐದು ವರ್ಷ ಓದಿದ. 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿ, ಮಂಗಳೂರಿನ ಬೋಧಕರ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ. 1860ರಲ್ಲಿ ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದ. ಕೊಡಗಿನಲ್ಲಿ ಹೊಸ ಮತಕ್ಕೆ ಸೇರಿದ ಹೊಲೆಯರಿಗಾಗಿ ಎದ್ದ ಊರಿಗೆ ಅವನ ಹೆಸರಿನಿಂದಲೇ ಆನಂದಪುರವೆಂಬ ಹೆಸರು ಬಂತು. (ಸಾಗರ ತಾಲ್ಲೂಕಿನ ಆನಂದಪುರ ಬೇರೆ, ಅದು ಕೆಳದಿಯವರ ಕಾಲದಿಂದಲೂ ಇರುವ ಊರು.) ಮಡಿಯುಟ್ಟು ಬೆಳೆದ ಬ್ರಾಹ್ಮಣ ಹೊಲೆಯರ ನೆಲೆಗಾಗಿ ದುಡಿದದ್ದು ಅಂದಿನ ದಿನಮಾನದಲ್ಲಿ ಸಣ್ಣ ಸಂಗತಿಯಲ್ಲ. ಮತಾಂತರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇಲ್ಲಿ ಬದಲಾದದ್ದು ಬರಿಯ ಹೆಸರಲ್ಲ ಎಂಬುದನ್ನು ಒಪ್ಪಲೇಬೇಕು. ಕೌಂಡಿನ್ಯ ತೀರಿಕೊಂಡದ್ದು 1893ರಲ್ಲಿ.

ಕೌಂಡಿನ್ಯ ಒಂಟಿ ಉದಾಹರಣೆ. ಮಂಗಳೂರಿನಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಹೊಸ ಮತಕ್ಕೆ ಬಂದವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ಮಿಶನ್ನಿನವರಿಗೆ ಕುಡಿತ ನಿಷಿದ್ಧ, ಆದ್ದರಿಂದ ಕಸುಬೂ ಹೋಯಿತು. ಭೂತಾರಾಧನೆ ಬಿಟ್ಟದ್ದರಿಂದ ಊರಿನ ನಂಟು ಹೋಯಿತು. ಗೇಣಿಯ ಭೂಮಿ ಕೈತಪ್ಪುವ ಭಯ ಬೇರೆ. ಮನಸ್ಸು ತಿರುಗಿದ ಮೇಲೆ ಹೊಟ್ಟೆಗೇನು? ಈ ಪ್ರಶ್ನೆಗೆ ಉತ್ತರವಾಗಿ ಮಿಶನ್ 1851ರಲ್ಲಿ ನೇಯ್ಗೆ ಆರಂಭಿಸಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಹಾಕಿದ. ಆ ಮಂಗಳೂರು ಹೆಂಚು ಘಟ್ಟದ ಮೇಲಕ್ಕೂ ಬಂತು. ಸೋಗೆ, ಹುಲ್ಲು, ನಾಡಹೆಂಚುಗಳಡಿ ಮಳೆಗಾಲ ಕಳೆಯುತ್ತಿದ್ದ ಹೊಸನಗರ, ತೀರ್ಥಹಳ್ಳಿಗಳ ಮನೆಗಳ ಮೇಲೆ ಅದು ನಿಧಾನವಾಗಿ ಕೂತಿತು. ಮಿಶನ್ನಿನ ಧರ್ಮ ಮಲೆನಾಡಿನಲ್ಲಿ ಕೆಲವೇ ಮನೆಗಳ ಒಳಗೆ ಹೋಯಿತು, ಹೆಂಚು ಮಾತ್ರ ಎಷ್ಟೋ ಮನೆಗಳ ಮೇಲೆ ಹೋಯಿತು.

ಭೂತದ ವಿಚಾರದಲ್ಲಿ ಒಂದು ಮಾತು ಹೇಳಬೇಕು. ಹೊಸ ಮತ ಕೊಟ್ಟ ದೊಡ್ಡ ಭರವಸೆಯೆಂದರೆ ಭಯದಿಂದ ಬಿಡುಗಡೆ. ಆದರೆ ಮಿಶನರಿಗಳಲ್ಲಿ ಬಹುಮಂದಿ ಭೂತಗಳೇ ಇಲ್ಲವೆಂದು ಹೇಳಲಿಲ್ಲ, ಅವು ಸೈತಾನನ ಕಡೆಯವು ಎಂದರು. ಕೇಳಿದವನ ಮನಸ್ಸಿನಲ್ಲಿ ಭೂತ ಉಳಿಯಿತು, ಅದರ ಪಕ್ಷ ಮಾತ್ರ ಬದಲಾಯಿತು. ಹಳೆಯ ಯೋಚನೆಗೆ ಹೊಸ ಹೆಸರು ಕೊಡುವುದನ್ನು ನವೀಕರಣವೆಂದು ಕರೆಯಲಾಗದು. ಬೋಧಕರ ಬರವಣಿಗೆಯಲ್ಲಿ ಊರದೇವರುಗಳ ಬಗ್ಗೆ ಕಾಣುವ ತಾತ್ಸಾರ ಇಂದು ಓದಿದರೂ ಕಸಿವಿಸಿಯಾಗುತ್ತದೆ. ಅದೇ ಮಿಶನ್ನಿನ ಮ್ಯಾನರ್ ತುಳು ಪಾಡ್ದನಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ್ದೂ ನಿಜ. ಯಾವುದನ್ನು ಅಳಿಸಲು ಬಂದರೋ ಅದನ್ನು ಬರೆದಿಟ್ಟವರೂ ಅವರೇ.

ಮೋಗ್ಲಿಂಗನ ಕತೆಯಲ್ಲಿ ಈ ವಿರೋಧ ಇನ್ನೂ ಸ್ಪಷ್ಟ. ಅವನು 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸ 1848ರಿಂದ ನಡೆದದ್ದು. ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಕೊಟ್ಟ ಹಣದಿಂದ ‘ಬಿಬ್ಲಿಯೊತೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು. ತಾಳೆಗರಿಯಲ್ಲಿ, ಕಡತದಲ್ಲಿ, ಹಾಡುವವರ ಬಾಯಲ್ಲಿ ಇದ್ದದ್ದು ಪುಸ್ತಕವಾಯಿತು. ಮೊದಲ ಉದ್ದೇಶ ಸಾಹಿತ್ಯಸೇವೆಯೇ ಆಗಿತ್ತೆಂದು ಭಾವಿಸಬೇಕಿಲ್ಲ. ಎದುರಿನವನ ಮನಸ್ಸು ತಿಳಿಯದೆ ಅದನ್ನು ತಿರುಗಿಸುವುದು ಸಾಧ್ಯವಿಲ್ಲ ಎಂಬ ವ್ಯವಹಾರಜ್ಞಾನವೂ ಅದರಲ್ಲಿತ್ತು. ಆದರೆ ವ್ಯವಹಾರಕ್ಕೆಂದು ಓದಲು ಕೂತವನನ್ನು ಪುಸ್ತಕ ಬಿಡಬೇಕಲ್ಲ! ದಾಸರ ಪದಗಳಲ್ಲಿ ಕೆಲವನ್ನು ಮೋಗ್ಲಿಂಗ್ ಜರ್ಮನ್ ಭಾಷೆಗೆ ಪದ್ಯವಾಗಿಯೇ ಅನುವಾದಿಸಿ ಅಲ್ಲಿನ ವಿದ್ವತ್ ಪತ್ರಿಕೆಗೆ ಕೊಟ್ಟ. ಎದುರಾಳಿಯ ಶಸ್ತ್ರಾಗಾರ ನೋಡಲು ಹೋದವನು ಅಲ್ಲಿನ ಹಾಡನ್ನು ತನ್ನ ಊರಿನವರಿಗೆ ಕೇಳಿಸುವ ಕೆಲಸಕ್ಕೆ ನಿಂತಿದ್ದ.

ಅವನ ಹಿಂದೆ 1853ರಲ್ಲಿ ಬಂದ ಕಿಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಿದ. ಆಮೇಲೆ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿಗಳ ಸಂಪಾದನೆ. 1894ರಲ್ಲಿ ಸುಮಾರು 70,000 ಪದಗಳ ಆ ಮಹಾ ನಿಘಂಟು. ಉಪದೇಶಕ್ಕೆ ಬಂದವನು ಉಪದೇಶಕ್ಕಿಂತ ಹೆಚ್ಚಾಗಿ ಪದಕ್ಕೆ ಬಾಳು ಸವೆಸಿದ. ಕಿಟೆಲನ ವಿಷಯ ಕನ್ನಡಿಗರಿಗೆ ಬಾಯಿಪಾಠ, ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಘಟ್ಟದ ಮೇಲಿನ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದವರು ವೆಸ್ಲಿಯನ್ ಮಿಶನ್ನಿನವರು. ಮೈಸೂರಿನ ಅವರ ಛಾಪಖಾನೆಯಿಂದ 1887ರಿಂದ ‘ವೃತ್ತಾಂತ ಪತ್ರಿಕೆ’ ಹೊರಡುತ್ತಿತ್ತು. ಆ ಕಾಲದ ಮಲೆನಾಡಿನಲ್ಲಿ ಮಿಶನರಿಯ ಮಾತು ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ವರದಿಗಳಿಗಿಂತ ಒಳ್ಳೆಯ ಸಾಕ್ಷಿ ಒಂದು ಕಾದಂಬರಿಯಲ್ಲಿದೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ತೀರ್ಥಹಳ್ಳಿ ಸೀಮೆಯಲ್ಲಿ. ಅಲ್ಲಿ ಮೇಗರವಳ್ಳಿಗೆ ಪಾದ್ರಿ ಜೀವರತ್ನಯ್ಯ ಬರುತ್ತಾನೆ, ಮಿಶನ್ ಶಾಲೆ ಬರುತ್ತದೆ, ಬೈಸಿಕಲ್ಲೂ ಬರುತ್ತದೆ. ಹಳ್ಳಿಯ ಬಾಯಲ್ಲಿ ಅದು ‘ಬೀಸೆಕಲ್ಲು’. ಬೀಸುವ ಕಲ್ಲಿನ ಮೇಲೆ ಮನುಷ್ಯ ಸವಾರಿ ಮಾಡುವುದು ಹೇಗೆಂದು ಊರಿಗೆಲ್ಲ ಸೋಜಿಗ!

ಈ ತಮಾಷೆಯ ಒಳಗೆ ಕುವೆಂಪು ಇಟ್ಟಿರುವುದು ಬೆಟ್ಟಳ್ಳಿಯ ದೇವಯ್ಯ ಎಂಬ ಯುವಕನ ಮನಸ್ಸನ್ನು. ಗೌಡರ ಮನೆಯ ಹುಡುಗ. ಜುಟ್ಟು ತೆಗೆಸಿ ಕ್ರಾಪು ಬಿಟ್ಟಿದ್ದಾನೆ, ಪಾದ್ರಿಯ ಸಹವಾಸ ಹಿಡಿದಿದ್ದಾನೆ, ‘ಕಿಲಸ್ತರ’ ಮತಕ್ಕೆ ಸೇರುವ ಯೋಚನೆಯಲ್ಲಿದ್ದಾನೆ. ಅವನನ್ನು ಸೆಳೆದದ್ದು ಯಾವುದು? ಪುರೋಹಿತಶಾಹಿಯ ಮೇಲಿನ ಜುಗುಪ್ಸೆಯೇ, ಓದು ಬರಹದ ಆಸೆಯೇ, ಬೈಸಿಕಲ್ಲೇ, ಕ್ರಾಪೇ, ಕ್ರಿಸ್ತನೇ? ಕಾದಂಬರಿ ಇವನ್ನು ಬೇರೆ ಬೇರೆ ಮಾಡಿ ತೂಗುವುದಿಲ್ಲ. ತೂಗದಿರುವುದೇ ಸರಿ. ಮನುಷ್ಯನ ತಲೆಯಲ್ಲಿ ಹೊಸ ಯೋಚನೆ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆ ಹೊಸ ಬಟ್ಟೆ, ಹೊಸ ಸಾಮಾನು, ಹೊಸ ಸಹವಾಸ, ಹೊಸ ಆಸೆ ಎಲ್ಲವೂ ಬರುತ್ತವೆ. ದೇವಯ್ಯನಿಗೆ ಹಳೆಯದರ ಮೇಲೆ ಬೇಸರ ಬಂದಿತ್ತು, ಹೊಸದು ಏನೆಂಬುದು ಇನ್ನೂ ಗೊತ್ತಿರಲಿಲ್ಲ. ಅಂದಿನ ಮಲೆನಾಡಿನ ಅನೇಕ ತರುಣರ ಸ್ಥಿತಿ ಅದೇ ಇದ್ದಿರಬೇಕು.

ಕುವೆಂಪು ಬರೆದದ್ದು ದೂರದಿಂದ ನೋಡಿ ಅಲ್ಲ. ಕುಪ್ಪಳಿಯ ಹುಡುಗ ತೀರ್ಥಹಳ್ಳಿಯ ಶಾಲೆ ಮುಗಿಸಿ ಮೈಸೂರಿಗೆ ಹೋದಾಗ ಸೇರಿದ್ದು ವೆಸ್ಲಿಯನ್ ಮಿಶನ್ನಿನ ಹೈಸ್ಕೂಲನ್ನೇ. ಅವರು ಮತ ಬದಲಿಸಲಿಲ್ಲ, ರಾಮಕೃಷ್ಣ ವಿವೇಕಾನಂದರ ದಾರಿ ಹಿಡಿದರು. ಆದರೆ ಪುರೋಹಿತನ ಮುಂದೆ ತಲೆ ತಗ್ಗಿಸಬೇಡ, ನಿನ್ನ ಬುದ್ಧಿಯಿಂದ ಪರೀಕ್ಷಿಸು ಎಂದು ಬಾಳೆಲ್ಲ ಹೇಳಿದ ಆ ದನಿಯ ಹಿಂದೆ, ಚರ್ಚೆ ಎದ್ದಿದ್ದ ಆ ಮಲೆನಾಡೂ ಇದೆ. ಮಿಶನರಿ ಎಬ್ಬಿಸಿದ ಪ್ರಶ್ನೆಗೆ ಉತ್ತರವನ್ನು ಮಲೆನಾಡು ಬೇರೆ ಕಡೆ ಹುಡುಕಿಕೊಂಡಿತು.

ದೇವಯ್ಯನಂಥವರು ಹೊಸ್ತಿಲಲ್ಲಿ ನಿಂತರೆ, ಹೊಸ್ತಿಲಿನ ಒಳಗೇ ಹುಟ್ಟಿದವರ ಪಾಡೇನು? ಮಿಶನ್ ಬಂದು ಎರಡು ತಲೆಮಾರು ಕಳೆದ ಮೇಲೆ ಕ್ರೈಸ್ತ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಬಿಡಲು ಹಳೆಯ ದೇವರಿರಲಿಲ್ಲ. ಅವರ ಅಪಾಯ ಇನ್ನೊಂದು ಬಗೆಯದು. ಹೊಸ ಧರ್ಮವೇ ಅವರಿಗೆ ಹಳೆಯ ರೂಢಿಯಾಗಬಹುದಿತ್ತು. ಜರ್ಮನ್ ರಾಗದ ಕೀರ್ತನೆ ಹಾಡಿಕೊಂಡು, ಸುತ್ತಣ ಕನ್ನಡದ ಬದುಕಿಗೆ ಬೆನ್ನು ಹಾಕಿ, ಮಿಶನ್ ಕಾಂಪೌಂಡಿನೊಳಗೇ ಬಾಳು ಕಳೆದುಬಿಡಬಹುದಿತ್ತು. ಹಾಗೆ ಕಳೆಯಲೊಪ್ಪದವರಲ್ಲಿ ಮೊದಲು ನೆನೆಯಬೇಕಾದ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ ಧಾರವಾಡದಲ್ಲಿ. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದು, ಮಂಗಳೂರಿನಲ್ಲಿ ದೈವಜ್ಞಾನದ ಶಿಕ್ಷಣ, ಆಮೇಲೆ ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾದ್ರಿತನ. ಹಳ್ಳಿ ಹಳ್ಳಿಗೆ ಹೋಗಿ ಸುವಾರ್ತೆ ಸಾರುವುದು ಅವರ ಕೆಲಸ. ಆ ಹಳ್ಳಿಗಳಲ್ಲಿ ಅವರಿಗೆ ಎದುರಾದವನು ಸರ್ವಜ್ಞ. ಪಾದ್ರಿ ಒಂದು ಮಾತು ಹೇಳಿದರೆ ಕಟ್ಟೆಯ ಮೇಲೆ ಕೂತ ಮುದುಕ ಅದಕ್ಕೊಂದು ತ್ರಿಪದಿ ಜೋಡಿಸುತ್ತಿದ್ದ ಕಾಲ ಅದು. ಢಾಂಬಿಕ ಗುರುವನ್ನು, ಜಾತಿಯ ಜಂಬವನ್ನು, ಹೊರಗೆ ತೊಳೆದು ಒಳಗೆ ಕೊಳೆತ ಮನಸ್ಸನ್ನು ಕ್ರಿಸ್ತ ಝಾಡಿಸಿದಂತೆಯೇ ಈ ತಿರುಕನೂ ಝಾಡಿಸಿದ್ದ, ಮೂರೇ ಸಾಲಿನಲ್ಲಿ. ಕೇಳುವವರಿಗೆ ಇದು ಪರದೇಶದ ಮಾತಲ್ಲ, ಮನೆಯ ಮಾತು. ಇಕ್ಕೇರಿಯಲ್ಲಿ ದೆಲ್ಲಾ ವಾಲೆಗೂ ಜಕ್ಕಮ್ಮನಿಗೂ ನಡುವೆ ನಿಂತಿದ್ದ ದುಭಾಷಿ ಇಲ್ಲಿ ಬೇಕಾಗಲಿಲ್ಲ.

ಉತ್ತಂಗಿಯವರು ಹಸ್ತಪ್ರತಿ ಹುಡುಕಿದರು, ಹಾಡುವವರಿಂದ ಬರೆದುಕೊಂಡರು, ಪಾಠ ಹೋಲಿಸಿದರು. ವರ್ಷಗಟ್ಟಲೆ ಈ ಅಲೆದಾಟ ನಡೆದು 1924ರಲ್ಲಿ ಸರ್ವಜ್ಞನ ವಚನಗಳ ಸಂಪುಟ ಹೊರಬಂತು. ಚದುರಿಹೋಗಿದ್ದ ಸಾವಿರಕ್ಕೂ ಮಿಕ್ಕ ತ್ರಿಪದಿಗಳು ಒಂದು ಕಡೆ ನಿಂತದ್ದು ಆಗಲೇ. ಅದರ ಹಿಂದಿನ ವರ್ಷವಷ್ಟೇ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದಿತ್ತು. ಧಾರವಾಡದಲ್ಲೇ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು, ಒಬ್ಬರು ಲಿಂಗಾಯತ ವಕೀಲರು, ಇನ್ನೊಬ್ಬರು ಕ್ರೈಸ್ತ ಪಾದ್ರಿ, ಕನ್ನಡದ ಮನೋವಿಚಾರದ ಎರಡು ಭಂಡಾರಗಳನ್ನು ಹೆಚ್ಚುಕಡಿಮೆ ಏಕಕಾಲಕ್ಕೆ ತೆರೆದರು.

ಪಾದ್ರಿಯೊಬ್ಬರು ಹೀಗೆ ಮಾಡುವುದು ಎರಡೂ ಕಡೆ ಹುಬ್ಬೇರಿಸುವ ಸಂಗತಿ. ಒಳಗಿನವರಿಗೆ ಇದು ದಾರಿತಪ್ಪಿದಂತೆ ಕಾಣಬಹುದು, ಹೊರಗಿನವರಿಗೆ ಮತಪ್ರಚಾರದ ಹೊಸ ಉಪಾಯದಂತೆ. ಉತ್ತಂಗಿಯವರು ತಮ್ಮ ನಿಲುವನ್ನು ಮುಚ್ಚಿಡಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದೇ ಒಂದು ಪುಸ್ತಕ ಬರೆದರು. ಬೆತ್ಲೆಹೇಮು ಕಾಶಿಗೆ ಅಪ್ಪಣೆ ಕೊಡುತ್ತಿಲ್ಲ, ವಿನಂತಿ ಮಾಡುತ್ತಿದೆ ಎಂಬುದನ್ನು ಗಮನಿಸಬೇಕು. ನೂರು ವರ್ಷಗಳ ಮಿಶನರಿ ಬರವಣಿಗೆಯ ಧಾಟಿ ಆ ಒಂದು ಪದದಲ್ಲಿ ಬದಲಾಗಿದೆ. ಕ್ರಿಸ್ತನಲ್ಲಿ ಅವರ ನಂಬಿಕೆ ಸಡಿಲವಾಗಲಿಲ್ಲ, ಪಾದ್ರಿಯಾಗಿಯೇ ಬಾಳಿದರು. ಆದರೆ ಆ ನಂಬಿಕೆ ಅವರ ಯೋಚನೆಯನ್ನು ಮುಚ್ಚುವ ಬದಲು ತೆರೆಯಿತು. ತನ್ನ ಗುರುವಿನ ಮಾತು ನಿಜವಾದರೆ ಅದರ ಪ್ರತಿಧ್ವನಿ ಕನ್ನಡದ ನೆಲದಲ್ಲೂ ಕೇಳಿಸಬೇಕು ಎಂಬ ಧೈರ್ಯ ಅದು. ತಮ್ಮನ್ನು ಅವರು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು.

ಆಮೇಲೆ ಅವರ ಓದು ಶರಣರ ಕಡೆ ಹೊರಳಿತು. ಕಲ್ಯಾಣದ ಅನುಭವ ಮಂಟಪ ಬರಿಯ ಕವಿಕಲ್ಪನೆ ಎಂದು ವಿದ್ವಾಂಸರಲ್ಲಿ ಕೆಲವರು ವಾದಿಸುತ್ತಿದ್ದಾಗ, ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಪುಸ್ತಕವನ್ನೇ ಬರೆದವರು ಈ ಪಾದ್ರಿ. ವಾದದ ಗುಣದೋಷಗಳನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಆ ಚರ್ಚೆ ಮುಗಿದಿಲ್ಲ. ಕುತೂಹಲದ ಸಂಗತಿ ಬೇರೆಯದು. ಅಂಬಿಗ, ಮಡಿವಾಳ, ಮಾದಾರ, ಅರಸು ಎಲ್ಲರೂ ಒಂದೆಡೆ ಕೂತು ತಮ್ಮ ಒಳಮನಸ್ಸಿನ ಸಂಗತಿಗಳನ್ನು ಮಾತಾಡಿಕೊಂಡರು ಎಂಬುದು ನಿಜವಾಗಿರಬೇಕು ಎಂದು ಒಬ್ಬ ಕ್ರೈಸ್ತ ಬೋಧಕನಿಗೆ ಅಷ್ಟು ಬಲವಾಗಿ ಅನ್ನಿಸಿದ್ದು ಏಕೆ? ಬಾಸೆಲಿನ ಭಕ್ತರು ದಿನಚರಿಯಲ್ಲಿ ಒಬ್ಬೊಬ್ಬರೇ ಮಾಡುತ್ತಿದ್ದ ಕೆಲಸವನ್ನು ಕನ್ನಡದಲ್ಲಿ ಕೂಡಿ ಮಾಡಿದ್ದರು ಎಂಬುದು ಅವರಿಗೆ ಕಂಡಿರಬೇಕು.

ಕಲಬುರಗಿಯಲ್ಲಿ 1949ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಕನ್ನಡಿಗರು ಉತ್ತಂಗಿಯವರನ್ನು ಕರೆದರು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿ ಆಗಿನ್ನೂ ವರ್ಷವಾಗಿರಲಿಲ್ಲ ಅಥವಾ ಈಗಷ್ಟೇ ಆಗಿತ್ತು ಎನ್ನುವ ಹೊತ್ತು. ರಜಾಕಾರರ ಹಾವಳಿಯ ಗಾಯ ಮಾಯದ ಊರಿನಲ್ಲಿ, ಶರಣಬಸಪ್ಪನ ಗುಡಿಯೂ ಬಂದೇ ನವಾಜರ ದರ್ಗಾವೂ ಇರುವ ಊರಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಕನ್ನಡದ ಪರವಾಗಿ ನಿಂತು ಮಾತಾಡಿದರು. 1962ರಲ್ಲಿ ಅವರು ತೀರಿಕೊಂಡರು.

ದೆಲ್ಲಾ ವಾಲೆಯ ಕಾಗದಗಳಲ್ಲಿ ಇನ್ನೊಂದು ದೃಶ್ಯವಿದೆ. ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಬರುವ ದಾರಿಯಲ್ಲಿ, ಒಂದು ಗುಡಿಯ ಜಗಲಿಯ ಮೇಲೆ ನಾಲ್ಕು ಮಕ್ಕಳು ಲೆಕ್ಕ ಕಲಿಯುವುದನ್ನು ಅವನು ಕಂಡ. ನೆಲಕ್ಕೆ ನುಣ್ಣನೆಯ ಮರಳು ಹರಡಿ ಅದರ ಮೇಲೆ ಬೆರಳಿನಿಂದ ಬರೆಯುತ್ತ, ಬರೆದದ್ದನ್ನು ಎಲ್ಲರೂ ಒಟ್ಟಾಗಿ ರಾಗವಾಗಿ ಹೇಳುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ಮರೆತರೆ ಯಾರು ತಿದ್ದುತ್ತಾರೆ ಎಂದು ಕೇಳಿದ್ದಕ್ಕೆ, ನಮ್ಮನ್ನು ನಾವೇ ತಿದ್ದಿಕೊಳ್ಳುತ್ತೇವೆ, ಮೇಷ್ಟ್ರು ಬೇಕಿಲ್ಲ ಎಂದರಂತೆ. ಮರಳಿನ ಕಾಲ ಹೋಗಿ ಸ್ಲೇಟು ಬಂತು, ಸ್ಲೇಟು ಹೋಗಿ ನೋಟುಪುಸ್ತಕ ಬಂತು. ಆ ಸೀಮೆಯ ಶಾಲೆಗಳಲ್ಲಿ ಮಕ್ಕಳು ಪಾಠಪುಸ್ತಕದ ಸರ್ವಜ್ಞನ ತ್ರಿಪದಿಗಳನ್ನು ಈಗಲೂ ರಾಗವಾಗಿಯೇ ಒಪ್ಪಿಸುತ್ತಾರೆ. ಅವನ್ನು ಮೊದಲು ಹೆಕ್ಕಿ ಜೋಡಿಸಿದ ಕೈ ಪಾದ್ರಿಯೊಬ್ಬರದೆಂದು ಪುಸ್ತಕದ ಆ ಪುಟದಲ್ಲಿ ಬರೆದಿರುವುದಿಲ್ಲ.